ಡ್ರೈಯರ್ ತಿರುಗುತ್ತದೆ, ಬಟ್ಟೆ ಒಣಗುವುದಿಲ್ಲ: ಮಳೆಗಾಲದ ದೋಷ ನಿವಾರಣೆ ಕೈಪಿಡಿ

ಜೂನ್ ತಿಂಗಳ ಮಳೆ ಹಿಡಿದ ಮೇಲೆ ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ ಕಡೆಯ ಮನೆಗಳಿಂದಲೂ ಹೋಂಸ್ಟೇಗಳಿಂದಲೂ ನನಗೆ ಬರುವ ದೂರುಗಳಲ್ಲಿ ಹೆಚ್ಚಿನವು ಒಂದೇ ಧಾಟಿಯವು: "ಡ್ರೈಯರ್ ತಿರುಗ್ತದೆ, ಬಟ್ಟೆ ಮಾತ್ರ ಒಣಗೂದಿಲ್ಲ. ಹೀಟರ್ ಹೋಗಿರ್ಬೇಕು, ಬರುವಾಗ ಹೊಸದು ತಗೊಂಡೇ ಬನ್ನಿ ಮಾರಾಯ್ರೇ." ಹಾಗೆ ಒಯ್ದ ಹೀಟರನ್ನು ಚೀಲದಿಂದ ತೆಗೆಯದೆಯೇ ವಾಪಸ್ ತಂದ ದಿನಗಳೇ ಹೆಚ್ಚು. ಈ ಯಂತ್ರದ ಬಹುಪಾಲು ದೂರುಗಳು ಶಾಖದವಲ್ಲ, ಗಾಳಿಯವು. ಆದ್ದರಿಂದ ಈ ಕೈಪಿಡಿಯಲ್ಲಿ ಪರೀಕ್ಷೆಯ ಕ್ರಮವೂ ಅದೇ ಆಗಿದೆ: ಮೊದಲು ಗಾಳಿಯ ದಾರಿ, ಆಮೇಲೆ ವಿದ್ಯುತ್ತು, ಕಟ್ಟಕಡೆಗೆ ಬಿಡಿಭಾಗ. ಈ ಕ್ರಮವನ್ನು ತಲೆಕೆಳಗು ಮಾಡಿದರೆ ಬಿಡಿಭಾಗದ ದುಡ್ಡು ದಂಡವಾಗುವುದಲ್ಲದೆ, ಮುಚ್ಚಿಹೋದ ಗಾಳಿಯ ದಾರಿಗೆ ಹೊಸ ಹೀಟರಿನ ಪೂರ್ಣ ಬಿಸಿಯನ್ನು ಜೋಡಿಸಿಕೊಟ್ಟಂತಾಗುತ್ತದೆ.

ಇಲ್ಲಿ ಹೇಳುವುದು ಬಿಸಿಗಾಳಿಯನ್ನು ಪೈಪಿನ ಮೂಲಕ ಹೊರಗೆ ದೂಡುವ, ನಮ್ಮಲ್ಲಿ ಸಾಮಾನ್ಯವಾಗಿರುವ 5ರಿಂದ 7 ಕಿಲೋ ಸಾಮರ್ಥ್ಯದ, 230 ವೋಲ್ಟಿನ, ಸುಮಾರು 2000 ವ್ಯಾಟ್ ಹೀಟರಿನ ಡ್ರೈಯರ್‌ಗಳ ವಿಚಾರ. ನೀರನ್ನು ಡಬ್ಬಿಯಲ್ಲಿ ಹಿಡಿದಿಡುವ ಕಂಡೆನ್ಸರ್ ಮತ್ತು ಹೀಟ್ ಪಂಪ್ ಯಂತ್ರಗಳಿಗೆ ಹೊರಪೈಪ್ ಇರುವುದಿಲ್ಲ. ಅವುಗಳಲ್ಲಿ ಪೈಪಿನ ಬದಲು ಕಂಡೆನ್ಸರಿನ ಸಂದುಗಳು ಕಟ್ಟಿಕೊಳ್ಳುತ್ತವೆ ಎಂಬುದನ್ನು ನೆನಪಿಟ್ಟುಕೊಂಡರೆ ಉಳಿದ ತರ್ಕ ಹೆಚ್ಚುಕಡಿಮೆ ಅವುಗಳಿಗೂ ಹೊಂದುತ್ತದೆ.

ಬಿಸಿ ಮತ್ತು ಒದ್ದೆಯೋ, ತಣ್ಣಗೆ ಮತ್ತು ಒದ್ದೆಯೋ

ಯಂತ್ರ ಇಪ್ಪತ್ತು ನಿಮಿಷ ಓಡಿದ ಮೇಲೆ ಬಾಗಿಲು ತೆರೆದು ಬಟ್ಟೆಯನ್ನು ಮುಟ್ಟಿ ನೋಡಬೇಕು. ಬಟ್ಟೆ ಬಿಸಿಯಾಗಿದ್ದೂ ಒದ್ದೆಯಾಗಿದ್ದರೆ, ಬಾಗಿಲು ತೆರೆದೊಡನೆ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಂತೆ ಹಬೆ ಮುಖಕ್ಕೆ ಹೊಡೆದರೆ, ಹೀಟರ್ ಸರಿಯಾಗಿಯೇ ಇದೆ. ಆವಿಯಾದ ನೀರಿಗೆ ಹೊರಹೋಗುವ ದಾರಿ ಮಾತ್ರ ಇಲ್ಲ. ಬಟ್ಟೆ ಹಾಕಿದಾಗಿನಷ್ಟೇ ತಣ್ಣಗಿದ್ದರೆ ಶಾಖ ಹುಟ್ಟುತ್ತಿಲ್ಲ, ಅಂದರೆ ದೋಷ ವಿದ್ಯುತ್ತಿನ ಕಡೆಯದು. ಉಗುರುಬೆಚ್ಚಗಿದ್ದು ಒಣಗಲು ಎರಡು ಪಟ್ಟು ಹೊತ್ತು ಹಿಡಿಯುತ್ತಿದ್ದರೆ ವೋಲ್ಟೇಜಿನ ಮೇಲೆ ಅನುಮಾನ ಪಡಬೇಕು. ಒಂದು ರೂಪಾಯಿಯ ಖರ್ಚೂ ಇಲ್ಲದ ಈ ಪರೀಕ್ಷೆ ಅರ್ಧದಷ್ಟು ಕೆಲಸವನ್ನು ಮುಗಿಸಿಬಿಡುತ್ತದೆ.

ಮುಟ್ಟಿ ನೋಡಿದ್ದರಲ್ಲಿ ತೃಪ್ತಿಯಾಗದವರು ತೂಕ ಹಾಕಬಹುದು. ಪ್ರಯಾಣದ ಪೆಟ್ಟಿಗೆ ತೂಗಲು ಬಳಸುವ, ಕೊಕ್ಕೆಯಿರುವ ಸಣ್ಣ ಡಿಜಿಟಲ್ ತಕ್ಕಡಿ ಸಾಕು. ಒದ್ದೆ ಹಾಸುಬಟ್ಟೆಗಳನ್ನು ಬಕೆಟ್ಟಿನಲ್ಲಿಟ್ಟು ತೂಗಿ, ಪೂರ್ಣ ಬಿಸಿಯಲ್ಲಿ ಅರ್ಧ ಗಂಟೆ ಓಡಿಸಿ, ಮತ್ತೆ ತೂಗಬೇಕು. ಒಂದು ಲೀಟರ್ ನೀರನ್ನು ಆವಿ ಮಾಡಲು ಲೆಕ್ಕದ ಪ್ರಕಾರ ಯೂನಿಟ್ಟಿನ ಮೂರನೆಯ ಎರಡು ಭಾಗದಷ್ಟು ವಿದ್ಯುತ್ತು ಬೇಕು. 2000 ವ್ಯಾಟಿನ ಹೀಟರ್ ಅರ್ಧ ಗಂಟೆಯಲ್ಲಿ ಒಂದು ಯೂನಿಟ್ ಉರಿಸುತ್ತದೆ. ಡ್ರಮ್ಮೂ ಬಟ್ಟೆಯೂ ಬಿಸಿಯಾಗಲು ಹಿಡಿಯುವ ಹೊತ್ತನ್ನೂ ಪೈಪಿನಲ್ಲಿ ಹೊರಹೋಗುವ ಶಾಖವನ್ನೂ ಕಳೆದರೆ, ಆರೋಗ್ಯವಾಗಿರುವ ಯಂತ್ರ ಈ ಅರ್ಧ ಗಂಟೆಯಲ್ಲಿ ಮುಕ್ಕಾಲು ಲೀಟರಿನಿಂದ ಒಂದು ಲೀಟರಿನವರೆಗೆ ನೀರು ತೆಗೆಯಬೇಕು. ಮುನ್ನೂರು ಗ್ರಾಮ್ ಮಾತ್ರ ಇಳಿದಿದ್ದರೆ ದೋಷ ಇದೆಯೆಂಬುದರಲ್ಲಿ ಸಂಶಯವಿಲ್ಲ. ಒಂದು ಲೀಟರಿನ ಹತ್ತಿರ ಇಳಿದಿದ್ದೂ ಬಟ್ಟೆ ಇನ್ನೂ ತೊಟ್ಟಿಕ್ಕುತ್ತಿದ್ದರೆ ಡ್ರೈಯರನ್ನು ಬಿಟ್ಟು ವಾಷಿಂಗ್ ಮೆಷಿನ್ನನ್ನು ವಿಚಾರಿಸಿಕೊಳ್ಳಬೇಕು, ಏಕೆಂದರೆ ಹಿಂಡುವ ಕೆಲಸ ಅಲ್ಲಿ ಸರಿಯಾಗಿ ಆಗಿಲ್ಲ.

ಹೊರಗೆ ಗಾಳಿಯೇ ತೊಯ್ದಂತಿರುವಾಗ ಡ್ರೈಯರ್ ತಾನೇ ಏನು ಮಾಡೀತು ಎಂದು ಕೇಳುವವರಿದ್ದಾರೆ. 22 ಡಿಗ್ರಿಯಲ್ಲಿ ಶೇಕಡ 95ರಷ್ಟು ತೇವ ತುಂಬಿರುವ ಗಾಳಿಯನ್ನು 60 ಡಿಗ್ರಿಗೆ ಬಿಸಿ ಮಾಡಿದರೆ ಅದೇ ಗಾಳಿಯ ಸಾಪೇಕ್ಷ ತೇವಾಂಶ ಶೇಕಡ 13ರ ಆಸುಪಾಸಿಗೆ ಇಳಿಯುತ್ತದೆ. ಹಾಗಾಗಿ ಆಗುಂಬೆಯ ಮಳೆಯಲ್ಲೂ ಡ್ರೈಯರ್ ತನ್ನ ಕೆಲಸ ಮಾಡಲೇಬೇಕು; ಮಳೆಯ ಮೇಲೆ ತಪ್ಪು ಹೊರಿಸುವಂತಿಲ್ಲ.

ಗಾಳಿಯ ದಾರಿಯನ್ನು ಹೊರಗಿನಿಂದ ಒಳಕ್ಕೆ ಹುಡುಕುವುದು

ಕಳೆದೊಂದು ಮಳೆಗಾಲದಲ್ಲಿ ತುಂಗೆಯ ದಂಡೆಯ ಒಂದು ಹೋಂಸ್ಟೇಗೆ ಹೋಗಿದ್ದೆ. ಎರಡು ಗಂಟೆ ಓಡಿಸಿದರೂ ಹಾಸುಬಟ್ಟೆ ಹಸಿಯಾಗಿಯೇ ಉಳಿಯುತ್ತದೆ ಎಂಬುದು ಮನೆಯಾಕೆಯ ದೂರು. ಬಟ್ಟೆಯಿಂದ ಉದುರುವ ಜುಂಗನ್ನು ಹಿಡಿಯುವ ಒಳಗಿನ ಲಿಂಟ್ ಜಾಲರಿಯನ್ನು ಅವರು ದಿನವೂ ಶುಚಿ ಮಾಡುತ್ತಿದ್ದರು. ಅದರಲ್ಲಿ ಹೇಳುವಂಥ ಕಸವೇ ಇರಲಿಲ್ಲ. ಮನೆಯ ಹಿಂದಕ್ಕೆ ಹೋಗಿ ಗೋಡೆಯ ತೂತನ್ನು ನೋಡಿದರೆ, ಪೈಪಿನ ಬಾಯಿಗೆ ಯಾರೋ ಅಚ್ಚುಕಟ್ಟಾಗಿ ಸೊಳ್ಳೆ ಪರದೆಯ ಜಾಲರಿ ಬಡಿದಿದ್ದರು. ಒಳಗಿನ ಜಾಲರಿಯನ್ನು ತಪ್ಪಿಸಿಕೊಂಡು ಬಂದ ನೂಲಿನ ಜುಂಗು ಒದ್ದೆಯಾಗಿ ಈ ಹೊರಜಾಲರಿಗೆ ಮೆತ್ತಿ, ಪದರದ ಮೇಲೆ ಪದರ ಕೂತು, ಕಂಬಳಿಯಂತೆ ಹೆಣೆದುಕೊಂಡಿತ್ತು. ಚಾಕುವಿನ ತುದಿಯಿಂದ ಅಂಚನ್ನು ಎಬ್ಬಿಸಿದಾಗ ಅದು ಕಾವಲಿಯಿಂದ ಅಕ್ಕಿ ರೊಟ್ಟಿ ಎದ್ದಂತೆ ಇಡಿಯಾಗಿ ಕಿತ್ತುಬಂತು: ಬೂದು ಬಣ್ಣದ್ದು, ಒಂದು ಬೆರಳು ದಪ್ಪ. ಜಾಲರಿಯನ್ನು ತೆಗೆದು, ಗಾಳಿ ಬಂದಾಗ ತಾನೇ ಎತ್ತಿಕೊಳ್ಳುವ ರೆಕ್ಕೆ ಮುಚ್ಚಳ ಕೂರಿಸಿದ ಮೇಲೆ ಅದೇ ಹಾಸುಬಟ್ಟೆ ಐವತ್ತು ನಿಮಿಷದಲ್ಲಿ ಒಣಗಿತು. ಸೊಳ್ಳೆಗೂ ಹಲ್ಲಿಗೂ ಹೆದರಿ ಹೊರಬಾಯಿಗೆ ಜಾಲರಿ ಬಡಿಯುವುದು ನಮ್ಮ ಕಡೆ ನಾನು ಕಾಣುವ ಅತಿ ಸಾಮಾನ್ಯ ತಪ್ಪು. ಅದನ್ನು ಮಾಡುವವರು ಸಾಮಾನ್ಯವಾಗಿ ಶಿಸ್ತಿನ ಮನೆಯವರೇ ಆಗಿರುತ್ತಾರೆ.

ಪರೀಕ್ಷೆ ಹೀಗೆ ನಡೆಯಬೇಕು. ಯಂತ್ರ ಓಡುತ್ತಿರುವಾಗ ಹೊರಬಾಯಿಯ ಎದುರು ಹಳೆಯ ದಿನಪತ್ರಿಕೆಯ ಒಂದು ಪಟ್ಟಿ ಹಿಡಿಯಿರಿ. ಅದು ಚೆನ್ನಾಗಿ ಹಾರಾಡಬೇಕು. ಸುಮ್ಮನೆ ನಡುಗಿದರೆ ಸಾಲದು. ಗಾಳಿ ದುರ್ಬಲವಾಗಿದ್ದರೆ ಯಂತ್ರ ನಿಲ್ಲಿಸಿ, ಪ್ಲಗ್ ಕಿತ್ತು, ಹಿಂಬದಿಯಲ್ಲಿ ಪೈಪನ್ನು ಕಳಚಿ, ಕಿಟಕಿ ಬಾಗಿಲು ತೆರೆದಿಟ್ಟು, ಪೈಪ್ ಇಲ್ಲದೆಯೇ ಒಂದು ಸರ್ತಿ ಓಡಿಸಿ ನೋಡಬೇಕು. ಪೈಪ್ ಕಳಚಿದಾಗ ಬಟ್ಟೆ ಹೊತ್ತಿಗೆ ಸರಿಯಾಗಿ ಒಣಗಿದರೆ ದೋಷ ಪೈಪಿನಲ್ಲಿದೆ ಎಂದು ತೀರ್ಮಾನಿಸಬಹುದು. ಆಗಲೂ ಒಣಗದಿದ್ದರೆ ದೋಷ ಯಂತ್ರದೊಳಗಿದೆ. ಹೀಗೆ ಅನುಮಾನವನ್ನು ಎರಡು ಪಾಲು ಮಾಡಿಕೊಳ್ಳದೆ ಸ್ಕ್ರೂಡ್ರೈವರ್ ಹಿಡಿಯುವುದು ಕತ್ತಲೆಯಲ್ಲಿ ತಡಕಾಡುವ ಕೆಲಸ.

ಪೈಪಿನಲ್ಲಿ ನೋಡಬೇಕಾದ್ದು ಮೂರು ಸಂಗತಿ. ಒಂದನೆಯದು, ಯಂತ್ರವನ್ನು ಗೋಡೆಗೆ ಒತ್ತಿದಾಗ ಮಡಚಿಕೊಂಡ ಜಾಗ. ಸುಕ್ಕು ಸುಕ್ಕಾದ ಪ್ಲಾಸ್ಟಿಕ್ ಪೈಪ್ ಇಲ್ಲಿ ಚಪ್ಪಟೆಯಾಗಿ ನಾಲ್ಕಿಂಚಿನ ದಾರಿ ಒಂದಿಂಚಿಗೆ ಇಳಿದಿರುತ್ತದೆ. ಎರಡನೆಯದು, ಪೈಪ್ ಜೋತುಬಿದ್ದ ತಗ್ಗು. ಆವಿ ತಣಿದು ಅಲ್ಲಿ ನೀರು ನಿಲ್ಲುತ್ತದೆ, ನೀರಿಗೆ ಜುಂಗು ಕಚ್ಚಿಕೊಂಡು ಕೆಸರಾಗುತ್ತದೆ. ಪೈಪನ್ನು ಅಲುಗಿಸಿದಾಗ ಗುಳುಗುಳು ಸದ್ದು ಬಂದರೆ ಇದೇ ಕಾರಣ. ಮೂರನೆಯದು ಉದ್ದ ಮತ್ತು ತಿರುವು: ಪ್ರತಿ ತಿರುವೂ ಗಾಳಿಗೆ ತಡೆಯೇ ಆದ್ದರಿಂದ, ಯಂತ್ರವನ್ನು ಹೊರಗೋಡೆಯ ಬಳಿಗೆ ಸರಿಸಲು ಸಾಧ್ಯವಿದ್ದರೆ ಉದ್ದದ ಪೈಪ್ ಕೊಳ್ಳುವುದಕ್ಕಿಂತ ಅದೇ ಒಳ್ಳೆಯದು. ಬದಲಿಸುವುದೇ ಆದರೆ ಒಳಮೈ ನುಣುಪಾಗಿರುವ ಲೋಹದ ಪೈಪನ್ನೇ ಹಾಕಿಸಬೇಕು. ಬೆಂಕಿ ಬಿದ್ದರೂ ಅದು ಉರಿಯುವುದಿಲ್ಲ. ಜೋಡಣೆಗೆ ಒಳಗೆ ಚಾಚುವ ಸ್ಕ್ರೂ ಬೇಡ, ಅದರ ತುದಿಗೆ ಜುಂಗು ಸಿಕ್ಕಿಕೊಳ್ಳುತ್ತದೆ. ಕ್ಲಿಪ್ಪೂ ಅಲ್ಯೂಮಿನಿಯಂ ಟೇಪೂ ಸಾಕು.

ಜಾಲರಿಯ ವಿಚಾರದಲ್ಲಿ ಒಂದು ಮೋಸವಿದೆ. ಕಣ್ಣಿಗೆ ಶುಚಿಯಾಗಿ ಕಾಣುವ ಜಾಲರಿಯೂ ಮುಚ್ಚಿರಬಹುದು, ಏಕೆಂದರೆ ಬಟ್ಟೆ ಮೃದುವಾಗಲೆಂದು ಹಾಕುವ ಕಂಡಿಷನರಿನ ಜಿಡ್ಡು ಅದರ ಕಣ್ಣುಗಳ ಮೇಲೆ ತೆಳುವಾದ ಪೊರೆ ಕಟ್ಟುತ್ತದೆ. ಜಾಲರಿಯನ್ನು ಅಡ್ಡಲಾಗಿ ಹಿಡಿದು ನಲ್ಲಿಯ ನೀರು ಬಿಡಿ. ನೀರು ಸರಕ್ಕನೆ ಇಳಿದರೆ ಸರಿ, ತಟ್ಟೆಯಲ್ಲಿ ನಿಂತಂತೆ ನಿಂತರೆ ಪಾತ್ರೆ ತೊಳೆಯುವ ದ್ರವ ಮತ್ತು ಬೆಚ್ಚನೆಯ ನೀರಿನಲ್ಲಿ ಮೆತ್ತನೆಯ ಬ್ರಷ್ಷಿನಿಂದ ಉಜ್ಜಿ, ಪೂರ್ತಿ ಒಣಗಿಸಿ ಹಾಕಬೇಕು. ಜಾಲರಿ ಹರಿದಿದ್ದರೆ ಹೊಲಿಗೆ ಹಾಕಿ ಸಂಭಾಳಿಸುವ ಬುದ್ಧಿ ಬೇಡ. ಆ ತೂತಿನಿಂದ ನುಗ್ಗುವ ಜುಂಗು ಫ್ಯಾನಿಗೂ ಪೈಪಿಗೂ ಸೇರುತ್ತದೆ.

ಗಾಳಿ ಹೊರಗೆ ಹೋಗಬೇಕಾದರೆ ಒಳಗೆ ಬರಲೂ ಬೇಕು ಎಂಬುದನ್ನು ಮರೆಯುವವರು ಬಹಳ. ಬಾಗಿಲು, ಕಿಟಕಿ ಎರಡೂ ಮುಚ್ಚಿದ ಬಚ್ಚಲುಮನೆಯಲ್ಲಿ ಡ್ರೈಯರ್ ಇಟ್ಟರೆ ಫ್ಯಾನು ಎಳೆದುಕೊಳ್ಳಲು ಹೊಸ ಗಾಳಿ ಇರುವುದಿಲ್ಲ. ಪೈಪನ್ನು ಹೊರಗೆ ಬಿಡದೆ ಕೋಣೆಯೊಳಗೇ ಬಿಟ್ಟ ಮನೆಗಳಲ್ಲಿ ಯಂತ್ರ ತಾನು ಉಸಿರು ಬಿಟ್ಟ ಹಬೆಯನ್ನೇ ಮತ್ತೆ ಎಳೆದುಕೊಳ್ಳುತ್ತದೆ. ಅಲ್ಲಿ ಬಟ್ಟೆ ಒಣಗುವ ಮೊದಲು ಗೋಡೆಗೆ ಬೂಸಲು ಬರುತ್ತದೆ.

ಬಿಸಿಯೇ ಬರದಿದ್ದರೆ

ಗಾಳಿಯ ದಾರಿ ತೆರೆದಿದ್ದೂ ಬಟ್ಟೆ ತಣ್ಣಗಿದ್ದರೆ ಮೊದಲು ಸ್ವಿಚ್ಚುಗಳನ್ನು ನೋಡಿ. ಬಿಸಿಯಿಲ್ಲದೆ ಬರೇ ಗಾಳಿಯಾಡಿಸುವ ಕ್ರಮಕ್ಕೆ ಗುಬುಟು ತಿರುಗಿಕೊಂಡಿದ್ದುದನ್ನು ನಾನು ಸಾಕಷ್ಟು ಸಲ ಕಂಡಿದ್ದೇನೆ. ಆಮೇಲೆ ವೋಲ್ಟೇಜ್. ಹೀಟರಿನ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುವುದರಿಂದ, 230 ವೋಲ್ಟಿಗೆ 2000 ವ್ಯಾಟ್ ಕೊಡುವ ಹೀಟರ್ 180 ವೋಲ್ಟಿಗೆ 1225 ವ್ಯಾಟ್ ಮಾತ್ರ ಕೊಡುತ್ತದೆ. ಲೈನಿನ ತುದಿಯಲ್ಲಿರುವ ಒಂಟಿ ಮನೆಗಳಲ್ಲಿ ಸಂಜೆಯ ಹೊತ್ತು ಇಷ್ಟು ಇಳಿಯುವುದು ಹೊಸತೇನಲ್ಲ. ಅಂಥಲ್ಲಿ ಯಂತ್ರಕ್ಕೆ ರೋಗವಿಲ್ಲ. ಬೆಳಗಿನ ಜಾವವೋ ಮಧ್ಯಾಹ್ನವೋ ಓಡಿಸಿದರೆ ಅದೇ ಬಟ್ಟೆ ಒಣಗುತ್ತದೆ.

ವೋಲ್ಟೇಜ್ ಸರಿಯಿದ್ದರೆ ಯಂತ್ರ ಬಿಚ್ಚಬೇಕಾಗುತ್ತದೆ. ಇಲ್ಲಿಂದ ಮುಂದಿನ ಕೆಲಸ ಮಲ್ಟಿಮೀಟರ್ ಹಿಡಿಯಲು ಬಲ್ಲವರದು. ಉಳಿದವರು ಓದಿಕೊಂಡರೆ ಸಾಕು, ರಿಪೇರಿಯವನು ಏನು ಮಾಡಿದ ಎಂದು ಕೇಳುವುದಕ್ಕಾದರೂ ಅದು ಉಪಯೋಗಕ್ಕೆ ಬರುತ್ತದೆ. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತು ಕಣ್ಣಿಗೆ ಕಾಣುವ ಕಡೆ ಇಟ್ಟುಕೊಳ್ಳಬೇಕು. ಹೀಟರಿನ ಎರಡು ತಂತಿಗಳನ್ನು ಕಳಚಿ ಅಳೆದರೆ 2000 ವ್ಯಾಟಿನದು 26 ಓಮ್ ಆಸುಪಾಸು ತೋರಿಸಬೇಕು. ಮೀಟರ್ ಏನನ್ನೂ ತೋರಿಸದಿದ್ದರೆ ಸುರುಳಿ ತುಂಡಾಗಿದೆ. ಹೀಟರ್ ಸರಿಯಿದ್ದರೆ ಅದರ ಮಗ್ಗುಲಲ್ಲೇ ಇರುವ ಥರ್ಮಲ್ ಕಟ್‌ಆಫನ್ನು ಅಳೆಯಬೇಕು. ಅದು ಸೊನ್ನೆಯ ಹತ್ತಿರ ತೋರಿಸಬೇಕು. ಅತಿ ಬಿಸಿಯಾದಾಗ ಹೀಟರಿನ ದಾರಿಯನ್ನು ಕಡಿಯುವುದಷ್ಟೇ ಅದರ ಕೆಲಸ. ಕೆಲವು ಯಂತ್ರಗಳಲ್ಲಿ ಒತ್ತಿ ಮತ್ತೆ ಚಾಲೂ ಮಾಡುವ ಗುಂಡಿ ಇರುತ್ತದೆ, ಕೆಲವದರಲ್ಲಿ ಒಮ್ಮೆ ಹೋದರೆ ಬದಲಿಸಲೇಬೇಕು.

ಈ ಕಟ್‌ಆಫ್ ಸುಮ್ಮಸುಮ್ಮನೆ ಹೋಗುವುದಿಲ್ಲ. ಅದು ಹೋಗಿದೆ ಎಂದರೆ ಎಲ್ಲೋ ಗಾಳಿ ಕಟ್ಟಿದೆ, ಇಲ್ಲವೇ ದಿನನಿತ್ಯ ಬಿಸಿಯನ್ನು ಹತೋಟಿಯಲ್ಲಿಡುವ ಥರ್ಮೋಸ್ಟಾಟ್ ಅಂಟಿಕೊಂಡಿದೆ ಎಂದೇ ಅರ್ಥ. ಕಾರಣ ಹುಡುಕದೆ ಹೊಸದನ್ನು ಹಾಕಿದರೆ ವಾರದೊಳಗೆ ಅದೂ ಹೋಗುತ್ತದೆ. ಇದಕ್ಕಿಂತ ಕೆಟ್ಟದ್ದೆಂದರೆ, "ಬಿಡಿಭಾಗ ಸಿಗೂದಿಲ್ಲ, ಸದ್ಯಕ್ಕೆ ಡೈರೆಕ್ಟ್ ಮಾಡಿದ್ದೇನೆ" ಎಂದು ಅದರ ಎರಡೂ ತುದಿಗೆ ತಂತಿ ಸುತ್ತಿ ಹೋಗುವ ರಿಪೇರಿ. ಹಾಗೆ ಮಾಡಿದ ಯಂತ್ರ ಬಲು ಚೆನ್ನಾಗಿ ಬಿಸಿಯಾಗುತ್ತದೆ, ಯಜಮಾನರಿಗೆ ಸಂತೋಷವೂ ಆಗುತ್ತದೆ. ಆದರೆ ಬೆಂಕಿಗೂ ಮನೆಗೂ ನಡುವೆ ಇದ್ದ ಕೊನೆಯ ಬೇಲಿಯನ್ನು ಕಿತ್ತಾಗಿರುತ್ತದೆ. ಅಂಥ ತಂತಿ ಕಂಡರೆ ನಾನು ಯಂತ್ರವನ್ನು ಮತ್ತೆ ಚಾಲೂ ಮಾಡಿಕೊಡುವುದಿಲ್ಲ.

ಹಾಕಿದೊಡನೆ ಮನೆಯ ಟ್ರಿಪ್ಪರ್ ಬೀಳುವುದು

ಏಳೆಂಟು ತಿಂಗಳು ಮೂಲೆಯಲ್ಲಿದ್ದ ಯಂತ್ರವನ್ನು ಜೂನಿನಲ್ಲಿ ಮೊದಲ ಸಲ ಚಾಲೂ ಮಾಡಿದಾಗ, ಕರೆಂಟು ಸೋರಿದರೆ ಲೈನನ್ನು ಕಡಿಯುವ ಟ್ರಿಪ್ಪರ್, ಅಂದರೆ ಆರ್‌ಸಿಸಿಬಿ ಬೀಳುವುದು ನಮ್ಮ ಹವೆಯ ವಿಶೇಷ. ಕೊಳವೆಯಂಥ ಹೀಟರುಗಳ ಒಳಗೆ ತುಂಬಿರುವ ಬಿಳಿ ಪುಡಿ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಆಗ ಅಲ್ಪಸ್ವಲ್ಪ ಕರೆಂಟು ಲೋಹದ ಮೈಗೆ ಸೋರುತ್ತದೆ. ಸೋರಿಕೆ 30 ಮಿಲಿಆಂಪ್ ಮುಟ್ಟುವ ಮೊದಲೇ ಆರ್‌ಸಿಸಿಬಿ ಲೈನನ್ನು ಕಡಿಯುತ್ತದೆ. ಹೀಟರನ್ನು ಬಿಚ್ಚಿಸಿ ಚೆನ್ನಾಗಿ ಒಣಗಿಸಿದರೆ ಹೆಚ್ಚಿನವು ಸರಿಹೋಗುತ್ತವೆ. ಒಣಗಿಸಿದ ಮೇಲೂ ಬೀಳುತ್ತಿದ್ದರೆ ಹೀಟರ್ ಬದಲಿಸಬೇಕು, ಅಥವಾ ಇಲಿ ಕಡಿದ ತಂತಿಯೊಂದು ಎಲ್ಲೋ ಲೋಹಕ್ಕೆ ತಾಗುತ್ತಿರಬಹುದು. ಟ್ರಿಪ್ಪರ್ ಬೀಳದಿರಲೆಂದು ಅರ್ತ್ ತಂತಿಯನ್ನು ಕಳಚುವುದು ಮಾತ್ರ ಕೂಡದು. ನೆಲ ಒದ್ದೆ, ಕೈ ಒದ್ದೆ, ಬಟ್ಟೆ ಒದ್ದೆ ಇರುವ ಜಾಗ ಅದು.

ಪ್ಲಗ್ಗಿನ ಮೇಲೂ ಒಂದು ಕಣ್ಣಿರಲಿ. 2000 ವ್ಯಾಟಿನ ಹೀಟರ್ ಸುಮಾರು 9 ಆಂಪ್ ಎಳೆಯುತ್ತದೆ, ಅದೂ ಗಂಟೆಗಟ್ಟಲೆ. ಆದ್ದರಿಂದ 16 ಆಂಪಿನ ಪ್ರತ್ಯೇಕ ಸಾಕೆಟ್ ಬೇಕು. ಎಕ್ಸ್‌ಟೆನ್ಷನ್ ಬೋರ್ಡ್ ಬೇಡ, ಯುಪಿಎಸ್ ಲೈನ್ ಬೇಡವೇ ಬೇಡ. ಅರ್ಧ ಗಂಟೆ ಓಡಿದ ಮೇಲೆ ಪ್ಲಗ್ಗನ್ನು ಹಿಂಗೈಯಿಂದ ಮುಟ್ಟಿ ನೋಡಿ: ಬೆಚ್ಚಗಿದ್ದರೆ ಪರವಾಗಿಲ್ಲ, ಕೈ ಇಡಲಾಗದಷ್ಟು ಸುಡುತ್ತಿದ್ದರೆ ಸಾಕೆಟ್ಟಿನ ಒಳಹಿಡಿತ ಸಡಿಲವಾಗಿದೆ. ಪಿನ್ ಕಪ್ಪಾಗಿದ್ದರೆ ಸಾಕೆಟ್, ಪ್ಲಗ್ ಎರಡನ್ನೂ ಒಟ್ಟಿಗೆ ಬದಲಿಸಬೇಕು.

ಡ್ರಮ್ ತಿರುಗದಿದ್ದರೆ, ತಿರುಗಿ ನಡುವೆ ನಿಂತರೆ

ಇದು ಸರಳ. ಯಂತ್ರ ಗುಂಯ್ ಎನ್ನುತ್ತಿದ್ದು ಡ್ರಮ್ ಅಲುಗದಿದ್ದರೆ ಮೋಟಾರಿನ ಕೆಪಾಸಿಟರ್ ಸೋತಿರುತ್ತದೆ. ಕೂಡಲೇ ಆರಿಸಬೇಕು, ಇಲ್ಲವಾದರೆ ಮೋಟಾರಿನ ಸುರುಳಿ ಸುಟ್ಟೀತು. ಹೊಸ ಕೆಪಾಸಿಟರಿನ ಬೆಲೆ ಅಲ್ಪ, ಹಳೆಯದರ ಮೇಲೆ ಅಚ್ಚಾಗಿರುವ ಮೈಕ್ರೋಫ್ಯಾರಡ್ ಅಂಕಿಯದ್ದನ್ನೇ ತರಬೇಕು. ಮೋಟಾರ್ ಓಡುವ ಸದ್ದಿದ್ದೂ ಡ್ರಮ್ ನಿಂತಿದ್ದರೆ, ಕೈಯಿಂದ ತಿರುಗಿಸಿದಾಗ ಅದು ಹಗುರವಾಗಿ ಗಿರಗಿರನೆ ತಿರುಗಿದರೆ, ಬೆಲ್ಟ್ ತುಂಡಾಗಿದೆ.

ಬಟ್ಟೆ ಹಸಿಯಿರುವಾಗಲೇ "ಮುಗಿಯಿತು" ಎಂದು ನಿಲ್ಲುವ ಯಂತ್ರಗಳಲ್ಲಿ ಡ್ರಮ್ಮಿನ ಒಳಗಿರುವ ಎರಡು ಲೋಹದ ಪಟ್ಟಿಗಳನ್ನು ಹುಡುಕಿ. ಒದ್ದೆ ಬಟ್ಟೆ ಅವೆರಡನ್ನೂ ಒಟ್ಟಿಗೆ ತಾಗಿದಾಗ ಯಂತ್ರಕ್ಕೆ ತೇವ ತಿಳಿಯುತ್ತದೆ. ಪಟ್ಟಿಯ ಮೇಲೆ ಕಂಡಿಷನರಿನ ಪೊರೆ ಕೂತರೆ ಅದು ಒದ್ದೆಯನ್ನೂ ಒಣಗಿದ್ದೆಂದೇ ತಿಳಿಯುತ್ತದೆ. ಬಿಳಿ ವಿನೆಗರಿನಲ್ಲಿ ಅದ್ದಿದ ಹತ್ತಿಬಟ್ಟೆಯಿಂದ ಒರೆಸಿದರೆ ಸಾಕು.

ದುಡ್ಡಿನ ಲೆಕ್ಕ

ಗಾಳಿ ಕಟ್ಟಿದ ಯಂತ್ರದಲ್ಲಿ ಹೀಟರ್ ಆಗಾಗ ತಾನೇ ಆರಿಹೋಗುವುದರಿಂದ ನಷ್ಟ ಎರಡು ಪಟ್ಟಾಗುವುದಿಲ್ಲ. ಆದರೂ ಪ್ರತಿ ಸಲ ಅರ್ಧ ಯೂನಿಟ್ಟಿನಿಂದ ಒಂದು ಯೂನಿಟ್ ಹೆಚ್ಚು ಹಿಡಿಯುತ್ತದೆ ಎಂದಿಟ್ಟುಕೊಂಡು, ಯೂನಿಟ್ಟಿಗೆ 6 ರೂಪಾಯಿ ಹಿಡಿದರೆ, ತಿಂಗಳಿಗೆ 30 ಸಲ ಓಡಿಸುವ ಮನೆಗೆ 90ರಿಂದ 180 ರೂಪಾಯಿ ಸುಮ್ಮನೆ ಹೋಗುತ್ತದೆ. ಗೃಹಜ್ಯೋತಿಯ ಮನೆಗಳಿಗೆ ಪೆಟ್ಟು ಇನ್ನೂ ದೊಡ್ಡದು: ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲನ್ನು ತೆರಬೇಕಾಗುವುದರಿಂದ, ಅಂಚಿನಲ್ಲಿರುವ ಮನೆಯನ್ನು ಆಚೆ ದೂಡಲು ಒಂದು ಕಟ್ಟಿದ ಪೈಪ್ ಸಾಕು.

ಹೆಚ್ಚು ಉಳಿಸುವುದು ಮಾತ್ರ ವಾಷಿಂಗ್ ಮೆಷಿನ್. ಐದು ಕಿಲೋ ಹತ್ತಿಬಟ್ಟೆಯನ್ನು ನಿಮಿಷಕ್ಕೆ 800 ಸುತ್ತಿನ ಬದಲು 1200 ಸುತ್ತಿನಲ್ಲಿ ಹಿಂಡಿದರೆ ಅರ್ಧ ಲೀಟರಿಗಿಂತ ಹೆಚ್ಚು ನೀರು ಅಲ್ಲೇ ಹೋಗುತ್ತದೆ. ಅಷ್ಟನ್ನು ಶಾಖದಿಂದ ತೆಗೆಯಲು ಅರ್ಧ ಯೂನಿಟ್ ಬೇಕು, ತಿರುಗಿಸಿ ತೆಗೆಯಲು ಅದರ ಸಣ್ಣದೊಂದು ಪಾಲು ಸಾಕು. ಹಾಸುಬಟ್ಟೆ, ಪಂಚೆ, ಟವೆಲ್ಲುಗಳನ್ನು ಇನ್ನೊಮ್ಮೆ ಹಿಂಡಿಯೇ ಡ್ರೈಯರಿಗೆ ಹಾಕಿ. ರೇಷ್ಮೆಗೂ ಜರಿಗೂ ಡ್ರೈಯರಿನ ದಾರಿ ತೋರಿಸದಿರುವುದು ಒಳ್ಳೆಯದು.

ಒಳಗೆ ಹಾಕಬಾರದ್ದು

ಎಣ್ಣೆ ಹೀರಿದ ಬಟ್ಟೆ ತೊಳೆದ ಮೇಲೂ ಪೂರ್ತಿ ಶುಚಿಯಾಗಿರುವುದಿಲ್ಲ. ಅಡುಗೆಮನೆಯ ಮಸಿಬಟ್ಟೆ, ಅಭ್ಯಂಜನದ ಟವೆಲ್, ಮರಕ್ಕೆ ಅಗಸೆ ಎಣ್ಣೆ ಉಜ್ಜಿದ ಚಿಂದಿ ಇವುಗಳಲ್ಲಿ ಉಳಿದ ಎಣ್ಣೆ ಬಿಸಿಯಲ್ಲಿ ಗಾಳಿಯೊಂದಿಗೆ ಸೇರಿ ತಾನೇ ಮತ್ತಷ್ಟು ಬಿಸಿ ಹುಟ್ಟಿಸುತ್ತದೆ. ರಾಶಿ ಹಾಕಿಟ್ಟರೆ ಆ ಬಿಸಿ ಹೊರಹೋಗದೆ ಯಂತ್ರ ನಿಂತ ಮೇಲೂ ಹೊತ್ತಿಕೊಳ್ಳಬಹುದು. ಅಗಸೆ ಎಣ್ಣೆಯದ್ದು ಎಲ್ಲಕ್ಕಿಂತ ಅಪಾಯ. ಕೊನೆಯ ಹತ್ತು ನಿಮಿಷ ಯಂತ್ರ ತಣ್ಣನೆಯ ಗಾಳಿಯಾಡಿಸುವುದು ಇದೇ ಕಾರಣಕ್ಕೆ. ಅವಸರಕ್ಕೆ ನಡುವೆಯೇ ನಿಲ್ಲಿಸಿದರೆ ಬಟ್ಟೆಯನ್ನು ಕೂಡಲೇ ಹೊರತೆಗೆದು ಹರಡಬೇಕು. ರಬ್ಬರು, ಫೋಮು ಇರುವ ಹಾಸು, ಪ್ಲಾಸ್ಟಿಕ್ ಮಳೆಯಂಗಿ ಇವಕ್ಕೆ ಡ್ರೈಯರ್ ಅಲ್ಲ, ಬಚ್ಚಲೊಲೆಯ ಮೇಲಿನ ತಂತಿಯೂ ಅಲ್ಲ, ಜಗಲಿಯೇ ಸರಿ.

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋದವರು ಅಲ್ಲಿಂದಲೂ ನನ್ನನ್ನು ಕೇಳುವುದುಂಟು, ಆದ್ದರಿಂದ ಇಷ್ಟು ಹೇಳಿಬಿಡುತ್ತೇನೆ. ಅಲ್ಲಿನ ವಿದ್ಯುತ್ ಡ್ರೈಯರಿಗೆ 120 ವೋಲ್ಟಿನ ಎರಡು ಲೈನ್ ಸೇರಿ 240 ವೋಲ್ಟ್ ಬರುತ್ತದೆ. ಹೀಟರಿಗೆ ಎರಡೂ ಬೇಕು, ಮೋಟಾರಿಗೆ ಸಾಮಾನ್ಯವಾಗಿ ಒಂದು ಸಾಕು. ಹಾಗಾಗಿ ಬ್ರೇಕರಿನ ಒಂದು ಪಾಲು ಬಿದ್ದರೆ ಡ್ರಮ್ ತಿರುಗುತ್ತದೆ, ಬಿಸಿ ಬರುವುದಿಲ್ಲ. ಜೋಡಿ ಬ್ರೇಕರನ್ನು ಪೂರ್ತಿ ಆರಿಸಿ ಮತ್ತೆ ಹಾಕಿ ನೋಡಬೇಕು. ಪೈಪಿನ ಶುಚಿಯನ್ನು ಅಲ್ಲಿ ಇನ್ನೂ ಗಂಭೀರವಾಗಿ ತೆಗೆದುಕೊಳ್ಳಬೇಕು: 2008ರಿಂದ 2010ರ ಅವಧಿಗೆ ಅಲ್ಲಿನ ಅಗ್ನಿಶಾಮಕ ಆಡಳಿತ ಕೊಟ್ಟ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 2,900 ಮನೆಗಳಲ್ಲಿ ಡ್ರೈಯರ್ ಬೆಂಕಿ ಬಿದ್ದಿತ್ತು, ಮುಖ್ಯ ಕಾರಣ, ಶೇಕಡ 34ರಷ್ಟು, ಶುಚಿ ಮಾಡದಿರುವುದು.

ಎತ್ತಿಡುವ ಮೊದಲು

ದೀಪಾವಳಿಯ ಹೊತ್ತಿಗೆ ಬಿಸಿಲು ಬಂದು ಡ್ರೈಯರ್ ಮೂಲೆ ಸೇರುವಾಗ ಪೈಪನ್ನು ಕಳಚಿ ತೊಳೆದು ಒಣಗಿಸಿ, ಹಿಂಬದಿಯ ಫ್ಯಾನಿನ ಬಾಯಿಯನ್ನು ವ್ಯಾಕ್ಯೂಮ್ ಕ್ಲೀನರಿನಿಂದ ಎಳೆದು, ತಿಂಗಳಿಗೊಮ್ಮೆ ಹತ್ತು ನಿಮಿಷ ಖಾಲಿ ಓಡಿಸುತ್ತಿದ್ದರೆ ಹೀಟರ್ ತೇವ ಹಿಡಿಯುವುದಿಲ್ಲ. ಗೋಡೆಯ ತೂತಿನಲ್ಲಿ ಮಣ್ಣಿನ ಗೂಡು ಕಟ್ಟುವ ಕಣಜ ಬೇಸಗೆಯಲ್ಲಿ ಸಂಸಾರ ಹೂಡುವುದರಿಂದ, ಪೈಪ್ ಕಳಚಿರುವಷ್ಟು ಕಾಲ ಹೊರಬಾಯಿಗೆ ಹಳೆಯ ಬಟ್ಟೆ ತುರುಕಿಡಬೇಕು. ತುರುಕಿದ ಕೂಡಲೇ ಒಂದು ಚೀಟಿ ಬರೆದು ಪ್ಲಗ್ಗಿನ ತಂತಿಗೆ ಕಟ್ಟಿ. ಮುಂದಿನ ಜೂನಿನಲ್ಲಿ ಬಟ್ಟೆ ಒಣಗುತ್ತಿಲ್ಲ ಎಂದು ಎರಡು ದಿನ ಯಂತ್ರವನ್ನು ಬಿಚ್ಚಿ ಜೋಡಿಸಿ, ಮೂರನೆಯ ದಿನ ಆ ತೂತಿನಿಂದ ನನ್ನದೇ ಹಳೆಯ ಲುಂಗಿಯನ್ನು ಎಳೆದು ತೆಗೆದದ್ದು ನನ್ನ ಮನೆಯಲ್ಲೇ.